ಲೊಂಬಾರ್ಡ್‌ವರೆಗೂ ಹೋದ ಟೆಸ್ಟ್ ಡ್ರೈವ್

ಎರಡು ವಾರದ ಹಿಂದೆ ಡೆಟ್ರಾಯ್ಟ್ ಹತ್ತಿರದ ನೋವೈ ಎಂಬ ಊರಿನ ಇಂಡಿಯನ್ ಅಂಗಡಿಯಿಂದ ಎರಡು ಕಟ್ಟು ಕೊತ್ತಂಬರಿ, ಒಂದು ಚೀಲ ಬದನೆಕಾಯಿ ಹಿಡಿದು ಹೊರಗೆ ಬಂದರೆ, ನನ್ನ ಕಾರಿನ ಕೆಳಗೆ ಒಬ್ಬ ಮನುಷ್ಯ ಮಲಗಿದ್ದ.

ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಹಾಕಿದ ಶೂ. ನನ್ನ ಕೈಯಲ್ಲಿದ್ದ ಚೀಲ ಬಿತ್ತು. ದೇವರೇ, ಯಾರ ಮೇಲಾದರೂ ಕಾರು ಹತ್ತಿಸಿಬಿಟ್ಟೆನೇ? ಹತ್ತಿಸಿ, ಗೊತ್ತೂ ಆಗದೆ, ಒಳಗೆ ಹೋಗಿ ಅರ್ಧ ಗಂಟೆ ಬದನೆಕಾಯಿ ಆರಿಸುತ್ತಾ ನಿಂತಿದ್ದೆನೇ?

"ಹಲೋ? ಆರ್ ಯೂ ಓಕೆ?" ಎಂದು ಕೂಗಿದೆ.

ಕಾರಿನ ಅಡಿಯಿಂದ ಬಂದ ಉತ್ತರ ಅಪ್ಪಟ ಧಾರವಾಡದ್ದು.

"ಒಂಚೂರೂ ಜಂಗ ಹಿಡಿದಿಲ್ಲಲ್ರೀ ಇದಕ್ಕ! ಈ ಮಿಶಿಗನ್ ಉಪ್ಪಿನಾಗ ಹೆಂಗ ಇಟ್ಟೀರಿ ಹಿಂಗ?"

(ಚಳಿಗಾಲದಲ್ಲಿ ಹಿಮ ಕರಗಲೆಂದು ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಕಾರಿನ ಅಡಿಯನ್ನೇ ತಿಂದುಬಿಡುತ್ತದೆ.) ಮನುಷ್ಯ ತೆವಳಿಕೊಂಡು ಹೊರಗೆ ಬಂದರು. ಅರವತ್ತೈದು ದಾಟಿದ ವಯಸ್ಸು, ಬೆನ್ನಿಗೆಲ್ಲ ಪಾರ್ಕಿಂಗ್ ಲಾಟಿನ ಧೂಳು, ಮುಖದಲ್ಲಿ ಮಾತ್ರ ಲಾಟರಿ ಹೊಡೆದ ಕಳೆ. ನಾನು ಕನ್ನಡದವಳೆಂದು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಹಿಂದಿನ ಬಂಪರ್ ತೋರಿಸಿದರು. ಅಲ್ಲಿ ನಮ್ಮೂರಿನ ಲಾರಿಗಳ ಹಿಂದೆ ಇರುತ್ತದಲ್ಲ, ‘ಶಬ್ದ ಮಾಡಿ’ ಎಂಬ ಸ್ಟಿಕರ್, ಅದು ಅಂಟಿಕೊಂಡಿದೆ.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ನನಗಿಂತ ಎರಡು ವರ್ಷ ದೊಡ್ಡದು (ನನ್ನ ವಯಸ್ಸು ಕೇಳಬೇಡಿ, ಕಾರಿನದೂ ಹೇಳುವುದಿಲ್ಲ). ಮೇಲೆ ಮುಚ್ಚಳವಿಲ್ಲದ ಕನ್ವರ್ಟಿಬಲ್. ಎರಡು ಬಾಗಿಲು, ಗೇರು ಕೈಯಲ್ಲೇ ಹಾಕಬೇಕು, ಮಾವಿನಕಾಯಿ ಬಣ್ಣ. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಡೆಟ್ರಾಯ್ಟ್ ಸುತ್ತಮುತ್ತ ಕಾರಿನ ಕಂಪನಿಯ ಹೆಸರು ಹೇಳಿದರೆ ಅರ್ಧ ಜನ ನೆಂಟರಾಗುತ್ತಾರೆ, ಉಳಿದರ್ಧ ಮಾತು ಬಿಡುತ್ತಾರೆ. ಅದೂ ಅಲ್ಲದೆ ನಾನು ಕೆಲಸ ಮಾಡುವುದು ಎದುರಾಳಿ ಕಂಪನಿಯಲ್ಲಿ.

ನನ್ನ ಕೆಲಸವೇನು ಗೊತ್ತೇ? ಕಾರಿನ ಸದ್ದಡಗಿಸುವುದು. ಬಾಗಿಲು ಕಿರುಗುಟ್ಟಬಾರದು, ಗಾಜಿನಲ್ಲಿ ಗಾಳಿ ಸಿಳ್ಳೆ ಹೊಡೆಯಬಾರದು, ಎಂಜಿನ್ ಇದೆಯೆಂಬುದೇ ಒಳಗೆ ಕೂತವರಿಗೆ ಗೊತ್ತಾಗಬಾರದು. ವಾರವಿಡೀ ಮೈಕು, ಮೀಟರು ಹಿಡಿದು ಸದ್ದು ಹುಡುಕಿ ಹುಡುಕಿ ಕೊಲ್ಲುತ್ತೇನೆ. ಹಾಗಾಗಿಯೇ ಇರಬೇಕು, ಹದಿನೇಳು ವರ್ಷದ ಹಿಂದೆ ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಕೊನೆಯ ಮನೆಯವರು ಈ ಕಾರನ್ನು ಮಾರಾಟಕ್ಕಿಟ್ಟು ಒಮ್ಮೆ ಸ್ಟಾರ್ಟ್ ಮಾಡಿ ತೋರಿಸಿದಾಗ, ಆ ಗುಡುಗುಡು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅವತ್ತೇ ಚೆಕ್ ಬರೆದೆ. ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದೆ.

ಆಮೇಲಿನದು ದೊಡ್ಡ ಕಥೆ. ಸೀಟು ಬಿಚ್ಚಿ ಹೊಲಿಸಿದ್ದು, ಹಳೇ ಟೂತ್‌ಬ್ರಷ್ಷಿನಲ್ಲಿ ಡ್ಯಾಷ್‌ಬೋರ್ಡಿನ ಸಂದಿ ಸಂದಿ ತಿಕ್ಕಿದ್ದು, ಕಾರ್ಬ್ಯುರೇಟರ್ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ವಾರ ಎಲ್ಲರೂ ಸೋಫಾದ ಮೇಲೆ ಊಟ ಮಾಡಿದ್ದು. ಆಯುಧಪೂಜೆಯಲ್ಲಿ ಇದರ ಚಕ್ರಕ್ಕೆ ಇಟ್ಟಷ್ಟು ದೊಡ್ಡ ನಿಂಬೆಹಣ್ಣನ್ನು ನಾನು ಬೇರೆ ಯಾವ ಕಾರಿಗೂ ಇಟ್ಟಿಲ್ಲ.

ಇರಲಿ, ಪಾರ್ಕಿಂಗ್ ಲಾಟಿಗೆ ವಾಪಸ್ ಬರೋಣ. ಆ ಮನುಷ್ಯ ಧೂಳು ಕೊಡವಿಕೊಂಡು ನನ್ನ ಹೆಸರು ಕೇಳಿ, ತಮ್ಮ ಪರಿಚಯ ಹೇಳಿಕೊಂಡರು. ಡಾಕ್ಟರ್ ಬಸವರಾಜ್, ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮನೆ. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಕೆಲಸ, ಈಗ ರಿಟೈರ್ಡ್. ಹಳೇ ಕಾರು ಕೂಡಿಡುವುದು ಹುಚ್ಚು. ಇದೇ ಮಾಡೆಲ್, ಇದೇ ಬಣ್ಣ, ಇದೇ ಒರಿಜಿನಲ್ ಎಂಜಿನ್ ಇರುವ ಕಾರಿಗೆ ಎಷ್ಟೋ ವರ್ಷದಿಂದ ಹುಡುಕುತ್ತಿದ್ದಾರಂತೆ.

"ಉಮಾ ಅವ್ರ, ತಪ್ಪು ತಿಳೀಬ್ಯಾಡ್ರಿ. ಒಂದು ಆಫರ್ ಕೊಡತೀನಿ" ಎಂದು ಜೇಬಿನಿಂದ ಅಂಗಡಿಯ ಚೀಟಿ ತೆಗೆದು ಅದರ ಹಿಂದೆ ಒಂದು ಅಂಕಿ ಬರೆದರು.

ಎಷ್ಟು ಎಂದು ಹೇಳುವುದಿಲ್ಲ. (ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ನಾಳೆಯೇ ಫೋನ್ ಮಾಡಿ ‘ಏನಕ್ಕಾ, ಕಾರು ಮಾರಿದ್ರಂತೆ’ ಎಂದು ಶುರು ಮಾಡುತ್ತೀರಿ.) ನಾನು ಕೊಟ್ಟು ತಂದ ಬೆಲೆಗೆ ಅದನ್ನು ಹೋಲಿಸಿದರೆ ನಗು ಬರುವಂತಿತ್ತು ಎಂದರೆ ಸಾಕು. ಚೀಟಿಯ ಈ ಕಡೆ ಹಾಗಲಕಾಯಿ, ಹಸಿಮೆಣಸಿನಕಾಯಿ. ಆ ಕಡೆ ಅಷ್ಟು ದೊಡ್ಡ ಸಂಖ್ಯೆ. ಸೊನ್ನೆಗಳನ್ನು ಎರಡು ಸಲ ಎಣಿಸಿದೆ.

ಬೇಡ ಎನ್ನಬೇಕಿತ್ತು ತಾನೇ? ನಮ್ಮ ಜನಕ್ಕೆ ಅದೊಂದು ಬಾಯಿಗೆ ಬರುವುದಿಲ್ಲವಲ್ಲ! "ನೋಡೋಣ ಡಾಕ್ಟ್ರೇ, ಮನೇಲಿ ಮಾತಾಡಿ ಹೇಳ್ತೀನಿ" ಎಂದೆ. ಅವರು ಚೀಟಿಯನ್ನು ನನ್ನ ಕೈಯಲ್ಲಿಟ್ಟು, "ಶನಿವಾರ ಗಾಡಿ ತಗೊಂಡು ನಮ್ಮ ಮನೀಗೆ ಬರ್ರಿ. ಅದನ್ನ ಎಲ್ಲಿ ಇಡತೀನಿ ಅನ್ನೋದು ನೀವು ನೋಡಬೇಕು" ಎಂದರು.

ಮನೆಗೆ ಬಂದು ಚೀಟಿಯನ್ನು ಗಂಡನ ಮುಂದಿಟ್ಟೆ. ಶ್ರೀಧರ ಮನೆಯಿಂದಲೇ ಕೆಲಸ ಮಾಡುವ ಐಟಿ ಮನುಷ್ಯ, ಮೈಸೂರಿನವರು, ಯಾವುದಕ್ಕೂ ಗಾಬರಿಯಾಗುವುದಿಲ್ಲ. ಚೀಟಿ ನೋಡಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಮಾರಿಬಿಡು" ಎಂದರು.

"ಅಷ್ಟೇನಾ? ಒಂದು ನಿಮಿಷನೂ ಯೋಚನೆ ಮಾಡಲ್ವಾ?"

"ಗರಾಜಲ್ಲಿ ಅರ್ಧ ಜಾಗ ತಿನ್ನತ್ತೆ. ಜನವರೀಲಿ ನನ್ನ ಕಾರು ಹಿಮದಲ್ಲಿ ನಿಂತಿರತ್ತೆ, ಅದು ಮಾತ್ರ ಒಳಗೆ ಬೆಚ್ಚಗೆ. ಕ್ಲಚ್ ತುಳಿದು ತುಳಿದು ನಿನ್ನ ಮಂಡಿ ಬೇರೆ ಹೋಗಿದೆ. ಮಾರು, ಅಡುಗೆಮನೆ ಹೊಸದಾಗಿ ಮಾಡಿಸೋಣ."

ಒಂದೊಂದು ಮಾತೂ ನಿಜ. ಸಿಟ್ಟು ಬಂದಿದ್ದೂ ಅದಕ್ಕೇ. ಆದರೆ ಅವತ್ತಿನಿಂದ ಅಡುಗೆ ಮಾಡುತ್ತಾ ಮಾಡುತ್ತಾ ನಾನೂ ಒಳಗೊಳಗೇ ಸಿಂಕನ್ನು ಕಿಟಕಿ ಪಕ್ಕಕ್ಕೆ ಸರಿಸತೊಡಗಿದೆ. ಬುಧವಾರದ ಹೊತ್ತಿಗೆ ಕೌಂಟರಿನ ಕಲ್ಲಿನ ಬಣ್ಣವೂ ಆಯ್ಕೆಯಾಗಿತ್ತು. ಗುರುವಾರ ಗರಾಜಿಗೆ ಹೋಗಿ ಕಾರಿನ ಬಾನೆಟ್ ಮೇಲೆ ಕೈಯಿಟ್ಟೆ, ಅಡುಗೆಮನೆ ಪೂರ್ತಿ ಕುಸಿದು ಬಿತ್ತು. ಶುಕ್ರವಾರ ಮತ್ತೆ ಕಟ್ಟಿದೆ. ಈ ವಯಸ್ಸಿನಲ್ಲಿ ಇಷ್ಟು ಪುಳಕ, ಇಷ್ಟು ಸಂಕಟ ಒಟ್ಟಿಗೇ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೊರಟೆವು. ಶ್ರೀಧರ ಪಕ್ಕದ ಸೀಟಿನಲ್ಲಿ ಕೂತರು. "ನೀನು ಅಲ್ಲಿ ಹೋಗಿ ಮನಸ್ಸು ಬದಲಾಯಿಸ್ತೀಯ, ಅದಕ್ಕೆ ಬಂದೆ" ಎಂದರು.

ಡಾಕ್ಟರ್ ಬಸವರಾಜ್ ಅವರ ಮನೆಯ ಗರಾಜ್ ನೋಡಬೇಕು ನೀವು. ಗರಾಜ್ ಎನ್ನುವುದು ತಪ್ಪು. ನೆಲದ ಮೇಲೆ ಎಲೆ ಹಾಕಿ ಊಟ ಬಡಿಸಬಹುದು, ಅಷ್ಟು ಶುಭ್ರ. ಚಳಿಗಾಲಕ್ಕೆ ಹೀಟರು, ಬೇಸಿಗೆಗೆ ಏಸಿ, ಗಾಳಿಯ ತೇವ ಹೀರುವ ಮೆಷೀನು. ಸಾಲಾಗಿ ಏಳು ಕಾರು. ಏಳಕ್ಕೂ ಬಿಳಿ ಬಟ್ಟೆಯ ಮುಸುಕು. ಎಂಟನೆಯ ಜಾಗ ಖಾಲಿ, ಗುಡಿಸಿ ಒರೆಸಿ ಸಿದ್ಧವಾಗಿತ್ತು.

ಡಾಕ್ಟರು ಒಂದೊಂದೇ ಮುಸುಕು ಎತ್ತಿ ತೋರಿಸಿದರು. ಮಲಗಿದ ಮಗುವಿನ ಹೊದಿಕೆ ಸರಿಸುವಷ್ಟು ಮೆತ್ತಗೆ. ಒಂದಕ್ಕಿಂತ ಒಂದು ಸುಂದರ. ನನ್ನ ಬಾಯಿ ಮುಚ್ಚಲೇ ಇಲ್ಲ.

"ಇದನ್ನ ಯಾವಾಗ ಓಡಿಸಿದ್ರಿ?" ಎಂದು ಒಂದು ಕೆಂಪು ಕಾರು ತೋರಿಸಿ ಕೇಳಿದೆ.

"ಓಡಿಸಿಲ್ರಿ."

"ಈ ನೀಲಿ?"

"ಟ್ರೇಲರಿನಿಂದ ಇಳಿಸಿ ಇಲ್ಲಿ ತನಕ ತಂದೆ ನೋಡ್ರಿ, ಅಷ್ಟ."

"ಹೆಂಡ್ತಿ ಮಕ್ಕಳನ್ನ ಕೂರಿಸಿಕೊಂಡು ಒಂದು ರೌಂಡೂ ಹೋಗಿಲ್ವಾ?"

"ಏ, ಕಲ್ಲು ಸಿಡೀತಂದ್ರ ಪೇಂಟ್ ಹೋಗತೈತಲ್ರಿ!"

ಜೀವಮಾನವಿಡೀ ಮನುಷ್ಯರನ್ನು ಮಲಗಿಸಿದ್ದು ಸಾಲದೆ, ಈಗ ಕಾರುಗಳನ್ನು ಮಲಗಿಸುತ್ತಿದ್ದಾರೆ! ನನಗೆ ರೇಗಿಹೋಯಿತು. ನನ್ನ ಮಾವಿನಕಾಯಿ ಬಣ್ಣದ ಕಾರು ಆ ಎಂಟನೆಯ ಜಾಗದಲ್ಲಿ, ಬಿಳಿ ಮುಸುಕು ಹೊದ್ದು, ಇನ್ನು ಮುಂದೆ ಒಂದು ಮಾತೂ ಆಡದೆ ಬಿದ್ದಿರುವುದು ಕಣ್ಣ ಮುಂದೆ ಬಂತು. ಎದುರಿಗಿರುವುದು ಹಿರಿಯರು ಎಂಬುದನ್ನೂ ಮರೆತು ಶುರು ಮಾಡಿಬಿಟ್ಟೆ.

"ಡಾಕ್ಟ್ರೇ, ನಮ್ಮ ಜನದ ರೋಗವೇ ಇದು. ಒಳ್ಳೆ ಸೀರೆ ಬೀರುವಿನಲ್ಲಿ, ಒಳ್ಳೆ ತಟ್ಟೆ ಅಟ್ಟದಲ್ಲಿ, ಹೊಸ ಸೋಫಾಗೆ ಪ್ಲಾಸ್ಟಿಕ್ಕು. ಯಾರೋ ಬರ್ತಾರೆ, ಯಾವತ್ತೋ ಬಳಸೋಣ ಅಂತ. ಕಾರು ಇರೋದು ಓಡಿಸೋದಕ್ಕೆ. ಓಡದ ಕಾರು ಕಾರೇ ಅಲ್ಲ, ಷೋಪೀಸು!"

ಒಳ್ಳೆಯ ಭಾಷಣ, ಅಲ್ಲವೇ? ನನಗೂ ಹಾಗೇ ಅನಿಸಿತ್ತು.

ಡಾಕ್ಟರು ಹೊರಗೆ ನಿಂತಿದ್ದ ನನ್ನ ಕಾರಿನ ಬಳಿ ಹೋಗಿ ಬಗ್ಗಿದರು. ಮುಂದಿನ ಗಾಜಿನ ಮೂಲೆಯಲ್ಲಿ ಆಯಿಲ್ ಚೇಂಜ್ ಮಾಡಿದವರು ಒಂದು ಸ್ಟಿಕರ್ ಅಂಟಿಸಿರುತ್ತಾರೆ ನೋಡಿ, ಯಾವ ದಿನ, ಎಷ್ಟು ಮೈಲಿಗೆ ಮಾಡಿದ್ದು ಎಂದು, ಅದನ್ನು ಓದಿದರು. ಆಮೇಲೆ ಒಳಗೆ ಇಣುಕಿ ಮೀಟರು ನೋಡಿದರು.

"ಉಮಾ ಅವ್ರ, ಆಯಿಲ್ ಚೇಂಜ್ ಮಾಡಿಸಿ ಎರಡ ವರ್ಷ ಆತು. ಎರಡ ವರ್ಷದಾಗ ನೂರಾ ಹನ್ನೊಂದ ಮೈಲು ಓಡೇದ. ನೀವೂ ಮುಚ್ಚೇ ಇಟ್ಟೀರಲ್ರಿ. ನನಗ್ಯಾಕ ಬೈತೀರಿ?"

ಹಿಂದಿನಿಂದ ಒಂದು ಸದ್ದು ಬಂತು. ಶ್ರೀಧರ ಕೆಮ್ಮಿದ್ದು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ನೂರಾ ಹನ್ನೊಂದು ಮೈಲಿ! ಲೆಕ್ಕ ಹಾಕಿದೆ. ಅಂಗಡಿಗೆ, ದೇವಸ್ಥಾನಕ್ಕೆ, ಪೆಟ್ರೋಲ್ ಬಂಕಿಗೆ. ಮಳೆ ಬಂದರೆ ಇಲ್ಲ, ಬಿಸಿಲು ಜಾಸ್ತಿಯಾದರೆ ಇಲ್ಲ, ಹೈವೇ ಮೇಲೆ ಲಾರಿಗಳಿರುತ್ತವೆ ಎಂದು ಹೈವೇ ಇಲ್ಲವೇ ಇಲ್ಲ. ಆಗಾಗ ಗರಾಜಿಗೆ ಹೋಗಿ ಎಂಜಿನ್ ಶುರು ಮಾಡಿ, ಆ ಗುಡುಗುಡು ಎರಡು ನಿಮಿಷ ಕೇಳಿ ಆಫ್ ಮಾಡಿ ಬರುತ್ತಿದ್ದೆ. ನನಗೂ ಡಾಕ್ಟರಿಗೂ ಇದ್ದ ವ್ಯತ್ಯಾಸ ಒಂದು ಬಿಳಿ ಬಟ್ಟೆಯದು ಮಾತ್ರ.

ನಾಚಿಕೆಯಾದರೆ ನನಗೆ ಹಟ ಬರುತ್ತದೆ. ಕೀಲಿಕೈ ಎತ್ತಿ ಡಾಕ್ಟರ ಮುಂದೆ ಹಿಡಿದೆ.

"ತಗೊಳ್ಳಿ. ಟೆಸ್ಟ್ ಡ್ರೈವ್ ಮಾಡದೆ ಯಾರಾದ್ರೂ ಕಾರು ಕೊಳ್ತಾರಾ? ನೀವೇ ಓಡಿಸಿ. ಹೈವೇ ಮೇಲೆ."

"ಬ್ಯಾಡ್ರಿ..."

"ಕಲ್ಲು ಸಿಡಿದ್ರೆ ನಂದು ತಾನೇ ಕಾರು? ಇನ್ನೂ ಮಾರಿಲ್ಲವಲ್ಲ."

ಡಾಕ್ಟರು ಕೀಲಿಕೈ ತೆಗೆದುಕೊಂಡು ಒಳಗೆ ಹೋಗಿ ತಲೆಗೊಂದು ಟೊಪ್ಪಿಗೆ ಹಾಕಿಕೊಂಡು ಬಂದರು. ಗೇರು ಬರುತ್ತದೆಯೇ ಎಂದು ಕೇಳಿದ್ದಕ್ಕೆ, "ಧಾರವಾಡದಾಗ ನಮ್ಮಪ್ಪನ ಜೀಪಿನಾಗ ಕಲ್ತಾಂವ ರೀ ನಾ" ಎಂದರು. ನಾನು ಪಕ್ಕದ ಸೀಟಿಗೆ ಸರಿದೆ. ಶ್ರೀಧರ ಹಿಂದೆ ಹೋದರು. ಆ ಹಿಂದಿನ ಸೀಟು ಎನ್ನುವುದು ಒಂದು ಶೆಲ್ಫು ಅಷ್ಟೇ. ಅವರ ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

ಆರ್ಚರ್ಡ್ ಲೇಕ್ ರೋಡಿನಲ್ಲಿ ಡಾಕ್ಟರು ಕ್ಲಚ್ ತಪ್ಪಿಸಿ ಎರಡು ಸಲ ಎಂಜಿನ್ ಆಫ್ ಮಾಡಿದರು. ಹೈವೇ ಹತ್ತುವಾಗ ದೇವರ ಹೆಸರು ಹೇಳಿದರು. ಮೂರನೇ ಗೇರು, ನಾಲ್ಕನೇ ಗೇರು, ಐವತ್ತು, ಐವತ್ತೈದು, ಅರವತ್ತು. ಚಳಿಯೂ ಸೆಕೆಯೂ ಅಲ್ಲದ, ಎಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟಿನ ಸೆಪ್ಟೆಂಬರ್ ಬೆಳಗು. ಗಾಳಿ ಮುಖಕ್ಕೆ ರಾಚುತ್ತಿತ್ತು. ಪಕ್ಕದಲ್ಲಿ ಹೋಗುತ್ತಿದ್ದ ಒಂದು ಲಾರಿಯವನು ಬಂಪರಿನಲ್ಲಿ ಬರೆದದ್ದು ಅರ್ಥವಾದವನ ಹಾಗೆ ಹಾರ್ನ್ ಹೊಡೆದ. ಡಾಕ್ಟರು ತಿರುಗಿ ಹಾರ್ನ್ ಹೊಡೆದರು! ನಮ್ಮ ಕಾರಿನ ಹಾರ್ನು ಅಷ್ಟು ಜೋರಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

"ಮುಂದಿನ ಎಕ್ಸಿಟ್ಟಿನಾಗ ತಿರುಗಿಸಿಕೊಳ್ಳೋಣು" ಎಂದರು.

ಮುಂದಿನ ಎಕ್ಸಿಟ್ ಬಂತು, ಹೋಯಿತು.

"ಇದರ ಮುಂದಿಂದು ರೀ."

ಆನ್ ಆರ್ಬರ್ ಬಂತು, ಹೋಯಿತು. ಜಾಕ್ಸನ್ನಿನಲ್ಲಿ ಪೆಟ್ರೋಲಿಗೆ ನಿಂತೆವು. ಅಲ್ಲಿ ಮೂವರು ಅಪರಿಚಿತರು ಬಂದು ಕಾರಿನ ಜೊತೆ ಫೋಟೋ ತೆಗೆಸಿಕೊಂಡರು. ಒಬ್ಬಾಕೆ ಡಾಕ್ಟರನ್ನು ಕಾರಿನ ಯಜಮಾನರೆಂದು ತಿಳಿದು ಅಭಿನಂದಿಸಿದರು. ಅವರು ನನ್ನ ಕಡೆ ನೋಡಿ, ಇಲ್ಲವೆನ್ನದೆ, ಥ್ಯಾಂಕ್ಯೂ ಎಂದರು. ಮುಖ ಇಪ್ಪತ್ತು ವರ್ಷ ಚಿಕ್ಕದಾಗಿತ್ತು.

ನಾನು ಕೀಲಿಕೈಗೆ ಕೈ ನೀಡಿದೆ. ಅವರು ಕೊಡಲಿಲ್ಲ.

"ಉಮಾ ಅವ್ರ, ಒಂದು ಮಾತು. ಮಗಳು ಸಹನಾ ಲೊಂಬಾರ್ಡಿನಾಗ ಇರತಾಳ. ಗಂಡು ಹುಡುಗ ಹುಟ್ಟಿ ಒಂದೂವರೆ ತಿಂಗಳಾತು. ನಮ್ಮ ಮನಿಯವ್ರು ಬಾಣಂತನಕ್ಕ ಅಲ್ಲೇ ಅದಾರ. ನಾ ಇಲ್ಲಿ ಒಬ್ಬಾಂವ ಕಾರು ಒರಸ್ಕೋತ ಕುಂತೀನಿ. ಮೊಮ್ಮಗನ್ನ ನೋಡಿ ಬರೋಣೇನ್ರಿ?"

ಲೊಂಬಾರ್ಡ್! ಚಿಕಾಗೋ ದಾಟಿ ಆಚೆ! ಅಲ್ಲಿಂದ ಇನ್ನೂ ಇನ್ನೂರು ಮೈಲಿಯ ಮೇಲೆ! ನಾನು ಶ್ರೀಧರನ ಕಡೆ ತಿರುಗಿದೆ. ಅವರು ಹಿಂದಿನ ಶೆಲ್ಫಿನಲ್ಲಿ ಕೂತಲ್ಲಿಂದಲೇ, "ನನಗೇನು, ಕಾರು ಮಾರಾಟ ಆದ್ರೆ ಸರಿ" ಎಂದರು. ಬಟ್ಟೆಯಿಲ್ಲ, ಬ್ರಷ್ಷಿಲ್ಲ, ಅವರ ಬಿಪಿ ಮಾತ್ರೆಯೂ ಇಲ್ಲ. ಟೆಸ್ಟ್ ಡ್ರೈವಿಗೆ ಯಾರು ಮಾತ್ರೆ ತರುತ್ತಾರೆ?

ಹೊರಟೇಬಿಟ್ಟೆವು.

ಕಲಮಜೂ ದಾಟಿದ ಮೇಲೆ ಅದು ಕೇಳಿಸಿತು. ಅರವತ್ತೆರಡು ಮೈಲಿ ವೇಗದಲ್ಲಿ, ಮುಂದಿನ ಚಿಕ್ಕ ತ್ರಿಕೋನದ ಕಿಟಕಿಯಿಂದ ಒಂದು ಸಣ್ಣ ಸಿಳ್ಳೆ. ಅರವತ್ತಕ್ಕೆ ಇಳಿಸಿದರೆ ಇಲ್ಲ, ಅರವತ್ತೈದಕ್ಕೆ ಏರಿಸಿದರೆ ಇಲ್ಲ. ಅರವತ್ತೆರಡಕ್ಕೆ ಮಾತ್ರ. ಯಾರೋ ಕೆಲಸ ಮಾಡುತ್ತಾ ಮೈಮರೆತು ತಮ್ಮ ಪಾಡಿಗೆ ಗುನುಗಿಕೊಂಡ ಹಾಗೆ.

ನಾನು ಈ ಸದ್ದನ್ನು ಯಾವತ್ತೂ ಕೇಳಿರಲಿಲ್ಲ.

ಹದಿನೇಳು ವರ್ಷ! ಈ ಕಾರಿನ ಒಂದೊಂದು ಸ್ಕ್ರೂ ನನಗೆ ಗೊತ್ತು ಎಂದುಕೊಂಡಿದ್ದೆ. ಸದ್ದು ಹಿಡಿಯುವುದೇ ನನ್ನ ಕಸುಬು. ಆಫೀಸಿನಲ್ಲಿ ಇಂಥ ಸಿಳ್ಳೆ ಕೇಳಿದ್ದರೆ ಅರ್ಧ ದಿನದಲ್ಲಿ ಕೊಂದಿರುತ್ತಿದ್ದೆ. ಇಲ್ಲಿ ಕಿವಿ ನಿಮಿರಿಸಿ ಕೂತು, "ಡಾಕ್ಟ್ರೇ, ಅರವತ್ತೆರಡು! ಅರವತ್ತೆರಡರಲ್ಲೇ ಇಡಿ!" ಎಂದು ಕೂಗುತ್ತಿದ್ದೆ. ಖುಷಿಗೆ ಮೈಯೆಲ್ಲ ಜುಮ್ಮೆಂದಿತು. ಆಮೇಲೆ ಹೊಳೆಯಿತು. ಇವತ್ತು ಮಾರಲು ಹೊರಟಿರುವ ಕಾರನ್ನು ನಾನು ಇವತ್ತು ಮೊದಲ ಸಲ ಕೇಳುತ್ತಿದ್ದೆ.

ಲೊಂಬಾರ್ಡಿನ ಅಪಾರ್ಟ್‌ಮೆಂಟ್ ತಲುಪಿದಾಗ ಮಧ್ಯಾಹ್ನ ಮೂರಾಗಿತ್ತು. ಡಾಕ್ಟರು ಪಾರ್ಕಿಂಗಿಗೆ ನುಗ್ಗಿದವರೇ ಹಾರ್ನ್ ಒತ್ತಿ ಹಿಡಿದರು. ಬಾಲ್ಕನಿಗಳಲ್ಲಿ ಜನ ನಿಂತರು. ಎರಡನೇ ಮಹಡಿಯಿಂದ ಮಗು ಎತ್ತಿಕೊಂಡ ಒಬ್ಬ ಹುಡುಗಿ ಬಗ್ಗಿ ನೋಡಿದಳು.

"ಅಪ್ಪಾ? ಯೂ ಡ್ರೋವ್? ಆಲ್ ದ ವೇ? ಇನ್ ದಟ್?"

ಅವಳ ಹಿಂದೆಯೇ ಅವಳ ತಾಯಿ, ಡಾಕ್ಟರ ಹೆಂಡತಿ, ಕೈಯಲ್ಲಿ ರೊಟ್ಟಿ ಹಿಟ್ಟು ಹತ್ತಿದ್ದ ಹಾಗೇ ಕೆಳಗಿಳಿದು ಬಂದರು. ಕಾರನ್ನೂ ಗಂಡನನ್ನೂ ನೋಡಿದರು. ನನ್ನ ಪರಿಚಯವನ್ನೂ ಕೇಳದೆ ಮೊದಲು ಹೇಳಿದ್ದು ಇದು:

"ನೋಡ್ರಿ, ಮನಿಯಾಗ ಏಳು ಅದಾವ. ಒಂದರಾಗೂ ನನ್ನ ಕೂಡಿಸಿಲ್ಲ ಈ ಮನಷ್ಯಾ."

"ಕೂಡ್ರ ಬಾ" ಎಂದರು ಡಾಕ್ಟರು. ಆಕೆ ಕೈ ತೊಳೆಯಲೂ ಹೋಗಲಿಲ್ಲ. ಸೆರಗಿಗೆ ಒರೆಸಿಕೊಂಡು ಕೂತೇಬಿಟ್ಟರು. ಇಬ್ಬರೂ ಇಪ್ಪತ್ತು ನಿಮಿಷ ಕಾಣಲಿಲ್ಲ. ಮೇಲೆ ತವೆಯ ಮೇಲಿದ್ದ ರೊಟ್ಟಿ ಸೀದು ಹೊಗೆಯ ಅಲಾರಂ ಹೊಡೆದುಕೊಂಡಿತು, ಸಹನಾ ಓಡಿದಳು.

ಊಟವಾಯಿತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬಾಣಂತಿಗೆಂದು ಮಾಡಿದ ಬೆಳ್ಳುಳ್ಳಿ ಸಾರಿನಲ್ಲಿ ನಮಗೂ ಪಾಲು. ಮಗು ಡಾಕ್ಟರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವರು ಅದನ್ನು ಅಲುಗಿಸದೆ ಒಂದು ಕೈಯಿಂದ ಜೇಬಿನ ಚೆಕ್ ಬುಕ್ ತೆಗೆದರು.

"ಅವತ್ತು ಬರದದ್ದಕ್ಕಿಂತ ಜಾಸ್ತಿ ಬರೀತೀನಿ. ಎಷ್ಟು ಬರೀಲಿ, ನೀವೇ ಹೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಶ್ರೀಧರ ತಟ್ಟೆ ನೋಡುತ್ತಿದ್ದರು. ಈಗ ‘ನೋಡೋಣ’ ಎನ್ನುವ ಹಾಗಿರಲಿಲ್ಲ. ಮುನ್ನೂರು ಮೈಲಿ ಹತ್ತಿರ ಓಡಿಸಿಕೊಂಡು ಬಂದ ಮನುಷ್ಯ, ಹೊಟ್ಟೆ ತುಂಬ ಊಟ ಹಾಕಿದ ಮನೆ. ಹೊಸ ಅಡುಗೆಮನೆ ಒಮ್ಮೆ ಕಣ್ಣ ಮುಂದೆ ಬಂತು, ಕಿಟಕಿ ಪಕ್ಕದ ಸಿಂಕೂ ಬಂತು.

"ಕೊಡಲ್ಲ ಡಾಕ್ಟ್ರೇ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಬೇಜಾರು ಮಾಡ್ಕೋಬೇಡಿ. ಇವತ್ತು ದಾರೀಲಿ ಗೊತ್ತಾಯ್ತು, ನನಗೆ ಈ ಕಾರು ಇನ್ನೂ ಪೂರ್ತಿ ಪರಿಚಯವೇ ಆಗಿಲ್ಲ. ಹೇಗೆ ಮಾರಲಿ?"

ಅವರು ನಕ್ಕು ಸುಮ್ಮನಾದರು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅವರಿಗೆ ಬೇಜಾರಾಯಿತು. ನಿಜವಾಗಿಯೂ ಆಯಿತು. ಚೆಕ್ ಬುಕ್ ಮುಚ್ಚಿ ಸ್ವಲ್ಪ ಹೊತ್ತು ಮಗುವಿನ ಕಾಲಿನ ಬೆರಳು ಎಣಿಸುತ್ತಾ ಕೂತರು. ಆಮೇಲೆ, "ಆತು ಬಿಡ್ರಿ. ನನ್ನ ಕೈಗೆ ಕೊಟ್ಟಿದ್ರ ಮತ್ತ ಮುಸುಕು ಹಾಕ್ತಿದ್ನೋ ಏನೋ" ಎಂದರು. ನಾನು ಕೆಟ್ಟವಳಾದೆ ಎಂದು ಅನಿಸಿತು. ಆದರೂ, ಹೇಳಿಬಿಡುತ್ತೇನೆ, ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಒಂದು ಸಲ ನೇರವಾಗಿ ‘ಕೊಡಲ್ಲ’ ಎಂದು ನೋಡಿ, ಏನು ಹಗುರ ಅಂತೀರಿ!

ಆ ದಿನ ಅಲ್ಲೇ ಉಳಿದು ಭಾನುವಾರ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಡಾಕ್ಟರು ಮೊಮ್ಮಗನ ಜೊತೆ ಉಳಿದುಕೊಂಡರು. ದಾರಿಯುದ್ದಕ್ಕೂ ನಾನೇ ಓಡಿಸಿದೆ. ಇಂಡಿಯಾನಾ ದಾಟುವಾಗ ಕ್ಲಚ್ ತುಳಿಯುವ ಎಡ ಮಂಡಿಯ ಜೊತೆ ಬಲ ಮಂಡಿಯೂ ನೋಯತೊಡಗಿತ್ತು. ಆದರೂ ಅರವತ್ತೆರಡಕ್ಕೆ ಹಿಡಿದು ಸಿಳ್ಳೆ ಕೇಳಿಸಿ, "ಕೇಳಿಸ್ತಾ? ಕೇಳಿಸ್ತಾ?" ಎಂದು ಹತ್ತು ಸಲ ಕೇಳಿದೆ. ಶ್ರೀಧರ ಹೂಂ ಎಂದರು.

ಕಲಮಜೂ ಹತ್ತಿರ, "ಸುಸ್ತಾಗಿರಬೇಕು, ನಾನು ಓಡಿಸ್ಲಾ?" ಎಂದರು.

"ಬೇಡ ರೀ. ಈ ಕ್ಲಚ್ಚು ಸ್ವಲ್ಪ ನಾಜೂಕು" ಎಂದೆ.

ಆಮೇಲೆ ಅವರು ರಸ್ತೆ ಪಕ್ಕದ ಹೊಲ ನೋಡುತ್ತಾ ಕೂತರು. ಮಾತು ಕಮ್ಮಿಯ ಮನುಷ್ಯ, ನಾನೂ ಗಮನಿಸಲಿಲ್ಲ. ನಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿದಾಗ ಮಾತ್ರ ಅವರು ಇಳಿಯದೆ ಕೂತೇ ಇದ್ದರು.

"ಏನಾಯ್ತು? ಅಡುಗೆಮನೆ ಹೋಯ್ತು ಅಂತ ಬೇಜಾರಾ?"

"ಅಡುಗೆಮನೆ ಯಾರಿಗೆ ಬೇಕಾಗಿತ್ತು?" ಎಂದರು. "ಆ ಡಾಕ್ಟರಿಗೆ ಕೀ ಕೊಟ್ಟೆ. ಒಂದು ವಾರದ ಪರಿಚಯ. ಮೊದಲ ದಿನವೇ ಹೈವೇ ಮೇಲೆ ಓಡಿಸಿ ಅಂದೆ."

"ಅವರು ಕೊಳ್ಳೋಕೆ ಬಂದೋರು ರೀ. ಅದಕ್ಕೆ ಕೊಟ್ಟೆ."

"ಹಾಗಾದ್ರೆ ಹೇಳು. ನಾನು ಎಷ್ಟು ಆಫರ್ ಮಾಡಿದ್ರೆ ನಂಗೂ ಒಂದು ಸಲ ಕೊಡ್ತೀಯ?"

ನೆನಪು ಮಾಡಿಕೊಂಡೆ. ಒಂದು ಸಲ? ಒಂದೇ ಒಂದು ಸಲ? ಇಲ್ಲ. ಈ ಹದಿನೇಳು ವರ್ಷದಲ್ಲಿ ನನ್ನ ಗಂಡ ಈ ಕಾರಿನ ಸ್ಟೀರಿಂಗ್ ಮುಟ್ಟಿಲ್ಲ. ಕಾರ್ಬ್ಯುರೇಟರ್ ಹರಡಿದ ಮೇಜಿನ ಮುಂದೆ ನನಗೆ ಕಾಫಿ ತಂದಿಟ್ಟಿದ್ದಾರೆ, ಬೆಂಗಳೂರಿನಿಂದ ಆ ಸ್ಟಿಕರ್ ತಂದು ಅಂಟಿಸಿದ್ದಾರೆ, ಪ್ರತಿ ಜನವರಿಯಲ್ಲೂ ತಮ್ಮ ಕಾರಿನ ಹಿಮ ಕೆರೆದಿದ್ದಾರೆ. ಕೊಡು ಎಂದು ಕೇಳಿಲ್ಲ. ನಾನು ಕೊಟ್ಟೂ ಇಲ್ಲ. ಮಾರಿಬಿಡು ಎಂದು ಅಷ್ಟು ಸಲೀಸಾಗಿ ಅವರ ಬಾಯಿಗೆ ಯಾಕೆ ಬಂತು ಎಂದು ಆಗ ತಿಳಿಯಿತು. ಅವರ ಪಾಲಿಗೆ ಅದು ಮನೆಯಲ್ಲಿದ್ದೂ ಇಲ್ಲದ ಕಾರು.

ಡಾಕ್ಟರಿಗೆ ಆ ಭಾಷಣ ಮಾಡಿದವಳು ನಾನೇ ತಾನೇ? ಸೀರೆ, ತಟ್ಟೆ, ಸೋಫಾ ಎಂದು ಪಟ್ಟಿ ಓದಿದವಳು? ಎಷ್ಟು ನಾಚಿಕೆಯಾಯಿತು ಎಂದರೆ, ಅಲ್ಲೇ ಕೂತು ಅತ್ತೆ. ಅವರು ಗಾಬರಿಯಾಗಿ, "ಅಯ್ಯೋ, ತಮಾಷೆಗೆ ಅಂದೆ ಮಾರಾಯ್ತಿ" ಎಂದರು. ತಮಾಷೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಾರವಿಡೀ ಸಂಜೆ ಸಂಜೆ, ಗೇರಿನ ಕಾರು ಮುಟ್ಟಿ ಎಷ್ಟೋ ವರ್ಷವಾಗಿದ್ದ ಗಂಡನಿಗೆ ಸಬ್‌ಡಿವಿಷನ್ನಿನ ಖಾಲಿ ರಸ್ತೆಯಲ್ಲಿ ಪಾಠ ನಡೆಯಿತು. ಕ್ಲಚ್ ಬಿಡುವಾಗ ಕಾರು ಕಪ್ಪೆಯ ಹಾಗೆ ನೆಗೆಯಿತು, ಎದುರು ಮನೆಯವರು ಹೊರಗೆ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ನಾನು ಪಕ್ಕದ ಸೀಟಿನಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಗೇರು ಕಿರುಗುಟ್ಟಿದಾಗಲೆಲ್ಲ ನನ್ನ ಎಲುಬು ಉಜ್ಜಿದ ಹಾಗಾಗುತ್ತಿತ್ತು. ಆದರೆ ಒಂದೇ ಒಂದು ಸಲವೂ ‘ನಾಜೂಕು’ ಎನ್ನಲಿಲ್ಲ. (ಎರಡು ಸಲ ಅಂದೆ.)

ಇವತ್ತು ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಶ್ರೀಧರ ಕೀಲಿಕೈ ತೆಗೆದುಕೊಂಡು, "ಹಾಲು ಮುಗಿದಿದೆ, ಒಂದು ಗ್ಯಾಲನ್ ತರ್ತೀನಿ. ಒಬ್ಬನೇ ಹೋಗ್ತೀನಿ" ಎಂದು ಹೊರಟರು. ಅಂಗಡಿ ಇಲ್ಲಿಂದ ಎರಡು ಮೈಲಿ. ಸಿಗ್ನಲ್ಲಿನಲ್ಲಿ ಅವರು ಎರಡನೇ ಗೇರಿಗೆ ಹಾಕಿದ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಸಿಗ್ನಲ್ ದಾಟಿ ಅಂಗಡಿಗೆ ಎಡಕ್ಕೆ ತಿರುಗಬೇಕು. ಸದ್ದು ಬಲಕ್ಕೆ ಹೋಯಿತು. ಬಲಕ್ಕಿರುವುದು ಹೈವೇ.

ಫೋನ್ ಕೌಂಟರಿನ ಮೇಲೇ ಬಿಟ್ಟು ಹೋಗಿದ್ದಾರೆ. ಅವರ ಬಿಪಿ ಮಾತ್ರೆಯ ಡಬ್ಬಿ ಮಾತ್ರ ಕಾಣುತ್ತಿಲ್ಲ. ಈಗ ಗಂಟೆ ಒಂದೂವರೆ. ನಾನು ಕರಿ ಕಾಫಿ ಕುಡಿಯುತ್ತಾ ಈ ಅಂಕಣ ಬರೆಯುತ್ತಾ, ರಸ್ತೆಯ ಕಡೆ ಕಿವಿಯಿಟ್ಟು ಕೂತಿದ್ದೇನೆ.

ನೀವೇ ಹೇಳಿ, ಆ ಡಾಕ್ಟರಿಗೆ ಮಾರಿದ್ದರೆ ಕಾರೊಂದೇ ತಾನೇ ಹೋಗುತ್ತಿದ್ದದ್ದು?